ಮಳೆಗಾಲದಲ್ಲಿ ತುಡುವೆ ಜೇನಿಗೆ ಪರಾಗದ ಬದಲಿ ಆಹಾರ ಕೊಡಬೇಕೇ?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ನಮ್ಮ ರೊಬಸ್ಟಾ ತೋಟದಲ್ಲಿ ಮೂರು ವರ್ಷಗಳಿಂದ ಎಂಟು ಪೆಟ್ಟಿಗೆ ತುಡುವೆ ಜೇನು ಸಾಕುತ್ತಿದ್ದೇನೆ. ಹೂಮಳೆ ಬಿದ್ದು ಕಾಫಿ ಅರಳಿದಾಗ ಪೆಟ್ಟಿಗೆಗಳ ಮುಂದೆ ನಿಲ್ಲಲಾಗದಷ್ಟು ಓಡಾಟವಿರುತ್ತದೆ; ಆಷಾಢದ ಮಳೆ ಹಿಡಿದುಕೊಂಡಿತೆಂದರೆ ಅದೇ ಕುಟುಂಬಗಳು ಎರಡು ಮೂರು ಎರಿಗೆ ಇಳಿದುಬಿಡುತ್ತವೆ. ಕಳೆದ ಜುಲೈನಲ್ಲಿ ವಾರ ತಪ್ಪದೆ ಸಕ್ಕರೆ ಪಾಕ ಕೊಟ್ಟರೂ ಎರಡು ಕುಟುಂಬಗಳು ಗೂಡು ಬಿಟ್ಟು ಹಾರಿಹೋದವು. ಪಾಕ ಮಾತ್ರ ಸಾಲದು, ಪರಾಗದ ಬದಲಿಗೆ ಹಿಟ್ಟಿನ ಉಂಡೆಯನ್ನೂ ಇಡಬೇಕೆಂದು ಪರಿಚಿತರೊಬ್ಬರು ಹೇಳುತ್ತಾರೆ. ಪೇಟೆಯ ಅಂಗಡಿಯೊಂದರಲ್ಲಿ ಅಂಥದ್ದು ಸಿಗುತ್ತದೆ, ಆದರೆ ಅದರಲ್ಲಿ ಏನೇನು ಬೆರೆಸಿದ್ದಾರೆಂದು ಪೊಟ್ಟಣದ ಮೇಲೆ ಬರೆದಿಲ್ಲ. ಕೊಡಬೇಕೇ, ಕೊಡುವುದಾದರೆ ಯಾವಾಗ ಮತ್ತು ಎಷ್ಟು, ಮನೆಯಲ್ಲೇ ತಯಾರಿಸಿಕೊಳ್ಳಬಹುದೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಸಕಲೇಶಪುರದ ಜೇನು ಕೃಷಿಕ

ಬೆಳೆಗಾರರೇ, ಉಂಡೆ ಕೊಳ್ಳುವ ಮೊದಲು ಎರಿಯನ್ನೊಮ್ಮೆ ಎತ್ತಿ ನೋಡಿ. ಮೊಟ್ಟೆಯೊಡೆದ ಎಳೆಯ ಹುಳುಗಳು ಕಣದ ತಳದಲ್ಲಿ ಬಿಳಿಯ ಹಾಲಿನಂಥ ರಸದಲ್ಲಿ ಮುಳುಗಿ ಹೊಳೆಯುತ್ತಿದ್ದರೆ ಪರಾಗಕ್ಕೆ ಕೊರತೆಯಿಲ್ಲವೆಂದೇ ತಿಳಿಯಿರಿ. ಆ ರಸವನ್ನು ಸ್ರವಿಸುವುದು ಮರಿ ಸಾಕುವ ಎಳೆಯ ಆಳುನೊಣಗಳ ತಲೆಯಲ್ಲಿರುವ ಗ್ರಂಥಿಗಳು. ಅವು ಬೆಳೆಯುವುದು ಪರಾಗದ ಪ್ರೋಟೀನಿನಿಂದ. ಸಕ್ಕರೆ ಪಾಕ ಹಾರಾಟಕ್ಕೂ ಗೂಡಿನ ಬಿಸಿಗೂ ಆದೀತೇ ಹೊರತು ಅದರಿಂದ ಒಂದು ಹುಳುವೂ ಬೆಳೆಯುವುದಿಲ್ಲ. ಹುಳುಗಳು ಒಣ ಕಣದಲ್ಲಿ ಮಲಗಿದ್ದರೆ, ಮೊಟ್ಟೆಗಳಿದ್ದೂ ದೊಡ್ಡ ಹುಳುಗಳೇ ಕಾಣದಿದ್ದರೆ, ನೊಣಗಳು ತಮ್ಮ ಮರಿಗಳನ್ನೇ ತಿಂದು ಪ್ರೋಟೀನು ಉಳಿಸಿಕೊಳ್ಳುತ್ತಿರುವ ಸಂಭವವಿದೆ. ಉಂಡೆಯ ಮಾತು ಬರುವುದು ಆಗ.

ಇನ್ನೊಂದನ್ನೂ ಪರೀಕ್ಷಿಸಬೇಕು. ಬೆಳೆದ ಹುಳುಗಳು ದೋಣಿಯ ಮೂತಿಯಂತೆ ತಲೆಯೆತ್ತಿ ಸತ್ತಿದ್ದು, ಕಡ್ಡಿಯಲ್ಲಿ ಎತ್ತಿದರೆ ನೀರು ತುಂಬಿದ ಚೀಲದಂತೆ ಬರುತ್ತಿದ್ದರೆ ಅದು ಹಸಿವಲ್ಲ, ಥಾಯ್ ಸ್ಯಾಕ್ ಬ್ರೂಡ್ ರೋಗ. 1990ರ ದಶಕದ ಆರಂಭದಲ್ಲಿ ನಮ್ಮ ರಾಜ್ಯದ ತುಡುವೆ ಸಾಕಣೆಯನ್ನೇ ನೆಲಕಚ್ಚಿಸಿದ ವೈರಸ್ ಇದೇ. ಈ ಕಾರಣಕ್ಕಾಗಿಯೇ ಬೇರೆಯವರ ಗೂಡಿನಿಂದ ಬಂದ ಪರಾಗವನ್ನಾಗಲಿ, ಏನು ಬೆರೆಸಿದ್ದಾರೆಂದು ತಿಳಿಯದ ಉಂಡೆಯನ್ನಾಗಲಿ ನಾನು ನನ್ನ ಪೆಟ್ಟಿಗೆಯೊಳಗೆ ಬಿಡುವುದಿಲ್ಲ.

ಮನೆಯಲ್ಲಿ ಮಾಡಿಕೊಳ್ಳುವುದು ಕಷ್ಟವೇನಲ್ಲ. ಹಳೆಯ ಕ್ರಮದಲ್ಲಿ ಎಣ್ಣೆ ತೆಗೆದ ಸೋಯಾ ಹಿಟ್ಟು ಮೂರು ಪಾಲು, ಬ್ರೂವರ್ಸ್ ಯೀಸ್ಟ್ ಒಂದು ಪಾಲು, ಕೆನೆ ತೆಗೆದ ಹಾಲಿನ ಪುಡಿ ಒಂದು ಪಾಲು. ಹಾಲಿನ ಪುಡಿಯನ್ನು ನಾನು ಬಿಟ್ಟಿದ್ದೇನೆ, ಅದರ ಲ್ಯಾಕ್ಟೋಸ್ ಜೇನುನೊಣಕ್ಕೆ ಅರಗುವುದಿಲ್ಲ. ಬದಲಿಗೆ ಹುರಿಗಡಲೆ ಹಿಟ್ಟು ಸೇರಿಸುತ್ತೇನೆ. ಪುಡಿ ಸಕ್ಕರೆಯನ್ನೂ ನಮ್ಮದೇ ಪೆಟ್ಟಿಗೆಯ ಜೇನುತುಪ್ಪವನ್ನೂ ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ಕಲಸಿದರೆ ಆಯಿತು. ಬ್ರೆಡ್ಡು ಉಬ್ಬಿಸುವ ಜೀವಂತ ಯೀಸ್ಟನ್ನು ಮಾತ್ರ ಬಳಸಬೇಡಿ.

ಪ್ರಮಾಣದ ವಿಷಯದಲ್ಲಿ ನಾನೊಮ್ಮೆ ಪೆಟ್ಟು ತಿಂದಿದ್ದೇನೆ. ಮೊದಲ ವರ್ಷ ಉತ್ಸಾಹದಿಂದ ನೂರು ಗ್ರಾಮಿನ ಉಂಡೆ ಇಟ್ಟು, ಮಳೆ ಬಿಡಲಿಲ್ಲವೆಂದು ವಾರದ ಮೇಲೆ ಮುಚ್ಚಳ ತೆಗೆದರೆ, ಉಂಡೆಯ ಮೇಲೆ ಹಸಿರು ಬೂಷ್ಟು, ಅಡಿಯಲ್ಲಿ ಮೇಣದ ಹುಳುವಿನ ಬಲೆ, ಸುತ್ತ ಇರುವೆ. ಈಗ ಮರಿಗಳು ಬೆಳೆಯುವ ಸಂಸಾರ ಕೋಣೆಯ ಚೌಕಟ್ಟುಗಳ ಮೇಲೆ, ಮರಿಗಳಿಗೆ ತೀರ ಹತ್ತಿರದಲ್ಲಿ, ಬೆಣ್ಣೆ ಕಾಗದದ ಮೇಲೆ ದೊಡ್ಡ ನೆಲ್ಲಿಕಾಯಿ ಗಾತ್ರದಷ್ಟನ್ನು ಮಾತ್ರ ತಟ್ಟಿ ಇಡುತ್ತೇನೆ. ಮೂರು ದಿನದಲ್ಲಿ ಮುಟ್ಟದಿದ್ದರೆ ತೆಗೆದುಬಿಡುತ್ತೇನೆ.

ಆದರೂ ಜುಲೈನಲ್ಲಿ ಉಂಡೆ ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಪ್ರೋಟೀನು ಸಿಕ್ಕೊಡನೆ ರಾಣಿ ಮೊಟ್ಟೆಯಿಡುತ್ತಾಳೆ, ತಿನ್ನುವ ಬಾಯಿಗಳು ಹೆಚ್ಚುತ್ತವೆ, ಹೊರಗೆ ಹೋಗಲು ಮಳೆ ಬಿಡುವುದಿಲ್ಲ. ಸಣ್ಣ ಸಂಸಾರವಾಗಿ ಮಳೆಗಾಲ ಕಳೆಯುವುದು ತುಡುವೆಯ ಸ್ವಭಾವ. ಖಾಲಿ ಎರಿಗಳನ್ನು ತೆಗೆದು ಗೂಡನ್ನು ಕಿರಿದು ಮಾಡಿ, ಪಾಕ ಕೊಟ್ಟು, ಪೆಟ್ಟಿಗೆಯೊಳಗೆ ನೀರು ಬೀಳದಂತೆ ನೋಡಿಕೊಂಡರೆ ಸಾಕೆಂಬುದು ನನ್ನ ಅಭಿಪ್ರಾಯ.

ಉತ್ತರ: ಅರಸೀಕೆರೆ ಕಡೆಯ ಸಾಕಣೆದಾರ

ಸಕಲೇಶಪುರದವರ ಮಾತು ಮಲೆನಾಡಿಗೆ ಒಪ್ಪುತ್ತದೆ, ಬಯಲುಸೀಮೆಗೆ ಹಾಗೆಯೇ ಅನ್ವಯಿಸಲಾಗದು. ನನ್ನಲ್ಲಿರುವುದು ತುಡುವೆಯಲ್ಲ, ಯುರೋಪಿನ ಜೇನುನೊಣವಾದ ಮೆಲ್ಲಿಫೆರಾ. ತೆಂಗು ವರ್ಷವಿಡೀ ಹೊಂಬಾಳೆ ಬಿಡುವುದರಿಂದ ಪರಾಗಕ್ಕೆ ಪೂರ್ತಿ ಬರವೆಂಬುದು ನಮಗೆ ಅಪರೂಪ, ಆದರೆ ಮುಂಗಾರಿನ ಮೆಕ್ಕೆಜೋಳ ಸೂಲಂಗಿ ಬಿಟ್ಟ ಹೊಲಗಳ ನಡುವೆ ಪೆಟ್ಟಿಗೆ ಇಟ್ಟಾಗ ವಿಚಿತ್ರವೊಂದು ಕಾಣುತ್ತದೆ: ಎರಿಯಲ್ಲಿ ಪರಾಗ ತುಂಬಿರುತ್ತದೆ, ಸಂಸಾರ ಮಾತ್ರ ಏಳುವುದಿಲ್ಲ. ಜೋಳದ ಪರಾಗದಲ್ಲಿ ಪ್ರೋಟೀನು ಕಡಿಮೆ, ಒಂದೇ ಗಿಡದ ಪರಾಗದಲ್ಲಿ ನೊಣಕ್ಕೆ ಬೇಕಾದ ಹತ್ತು ಅಮೈನೋ ಆಮ್ಲಗಳೂ ಸರಿಯಾದ ಪ್ರಮಾಣದಲ್ಲಿ ಸಿಗುವುದು ಕಷ್ಟ. ಅಂಥ ವೇಳೆಯಲ್ಲಿ ನಾನು ಸೋಯಾ ಮತ್ತು ಯೀಸ್ಟಿನ ಉಂಡೆ ಕೊಟ್ಟಿದ್ದೇನೆ, ಮೆಲ್ಲಿಫೆರಾ ಅದನ್ನು ಎರಡೇ ದಿನದಲ್ಲಿ ಖಾಲಿ ಮಾಡಿದೆ. ಆದ್ದರಿಂದ ಮಳೆಗಾಲದಲ್ಲಿ ಉಂಡೆ ಬೇಡವೇ ಬೇಡ ಎಂದು ಎಲ್ಲರಿಗೂ ಒಂದೇ ಮಾತು ಹೇಳುವುದು ಸರಿಯಲ್ಲ.

ಮರುಪ್ರಶ್ನೆ: ಮೂಡಿಗೆರೆ ತಾಲ್ಲೂಕಿನ ಬೆಳೆಗಾರ

ಇಬ್ಬರಿಗೂ ಧನ್ಯವಾದಗಳು. ಇಂದು ಬೆಳಿಗ್ಗೆ ಮಳೆ ಬಿಡುವು ಕೊಟ್ಟಾಗ ಆರು ಪೆಟ್ಟಿಗೆಗಳನ್ನು ತೆರೆದು ನೋಡಿದೆ. ಐದರಲ್ಲಿ ಹುಳುಗಳು ಹಾಲಿನಲ್ಲೇ ಇದ್ದವು; ಬಾಗಿಲಲ್ಲಿ ಹತ್ತು ನಿಮಿಷ ಕುಳಿತು ನೋಡಿದಾಗ ಕಾಲಿಗೆ ಪರಾಗ ಅಂಟಿಸಿಕೊಂಡ ನೊಣಗಳೂ ಬಂದವು, ಬಹುಶಃ ತೋಟದ ಅಂಚಿನ ಮುಟ್ಟಿದರೆ ಮುನಿಯಿಂದ. ಆರನೆಯದರಲ್ಲಿ ಕಣಗಳು ಒಣಗಿವೆ, ಒಂದೇ ಕಣದಲ್ಲಿ ಎರಡು ಮೂರು ಮೊಟ್ಟೆಗಳಿವೆ. ಇದಕ್ಕೆ ಉಂಡೆ ಇಡಲೇ? ಕಾಫಿ ಹೂವಿಗೆ ಮುಂಚೆ ಎಲ್ಲಕ್ಕೂ ಇಡುವುದು ಒಳ್ಳೆಯದೇ?

ಉತ್ತರ: ಸಕಲೇಶಪುರದ ಜೇನು ಕೃಷಿಕ

ಅರಸೀಕೆರೆಯವರ ಮಾತನ್ನು ಒಪ್ಪುತ್ತೇನೆ, ಮೆಲ್ಲಿಫೆರಾದ ಅನುಭವ ನನಗಿಲ್ಲ.

ನಿಮ್ಮ ಆರನೆಯ ಪೆಟ್ಟಿಗೆಗೆ ಉಂಡೆಯಿಂದ ಪ್ರಯೋಜನವಿಲ್ಲ. ಮೊಟ್ಟೆಗಳು ತಳದ ನಡುವೆ ಇರದೆ ಕಣದ ಗೋಡೆಗೆ ಅಂಟಿಕೊಂಡಿದ್ದರೆ ಅವು ಆಳುನೊಣಗಳು ಇಟ್ಟವು. ರಾಣಿ ಇಲ್ಲವೆಂದು ಅರ್ಥ. ಮೊದಲು ರಾಣಿಯನ್ನು ಹುಡುಕಿ, ಸಿಗದಿದ್ದರೆ ಆ ನೊಣಗಳನ್ನು ಪಕ್ಕದ ಗಟ್ಟಿ ಕುಟುಂಬದೊಂದಿಗೆ ಕೂಡಿಸಿಬಿಡಿ.

ಕಾಫಿ ಹೂವಿನ ಲೆಕ್ಕ ಹೀಗಿದೆ: ಮೊಟ್ಟೆ ನೊಣವಾಗಲು ಸುಮಾರು ಮೂರು ವಾರ, ಆ ನೊಣ ಹೂವಿಗೆ ಹೊರಡಲು ಇನ್ನೆರಡು ಮೂರು ವಾರ. ಮಾರ್ಚಿಯ ಹೂವಿಗೆ ಆಳು ಬೇಕಾದರೆ ಜನವರಿ ಕೊನೆಯಲ್ಲೇ ರಾಣಿ ಚುರುಕಾಗಿರಬೇಕು. ಆದರೆ ಆ ಹೊತ್ತಿಗೆ ನಮ್ಮ ತೋಟಗಳಲ್ಲಿ ಹಾಲುವಾಣ ಅರಳಿರುತ್ತದೆ, ಅಡಿಕೆ ಹಿಂಗಾರ ಬಿಟ್ಟಿರುತ್ತದೆ. ಹೊರಗೆ ತಾಜಾ ಪರಾಗ ಸಿಗುವಾಗ ತುಡುವೆ ನಿಮ್ಮ ಉಂಡೆಯನ್ನು ಚೂರು ಚೂರಾಗಿ ಕಚ್ಚಿ ಬಾಗಿಲಿನಾಚೆ ಎಸೆಯುತ್ತದೆ. ನನ್ನ ಪೆಟ್ಟಿಗೆಯ ತಳಹಲಗೆಯ ಮುಂದೆ ಅಂಥ ಹಳದಿ ಪುಡಿಯನ್ನು ನಾನೇ ಗುಡಿಸಿದ್ದೇನೆ.