‘ಚಿಕ್ಕಮಗಳೂರು’ ಎಷ್ಟು ಅಕ್ಷರ? ಜಾವಾಸ್ಕ್ರಿಪ್ಟ್ ಲೆಕ್ಕವನ್ನು ಸರಿಪಡಿಸುವವರು ಯಾರು?

ಹಾಸನ_ವೆಬ್:
ಎಲ್ಲರಿಗೂ ನಮಸ್ಕಾರ. ಹಾಸನ, ಚಿಕ್ಕಮಗಳೂರು ಕಡೆಯ ಕಾಫಿ ಬೆಳೆಗಾರರ ನೋಂದಣಿ ಪುಟ ಇದು. ಚೀಟಿಯಲ್ಲಿ ಊರಿನ ಹೆಸರಿಗೆ 10 ಅಕ್ಷರದ ಜಾಗ ಇದೆ. ಜಾವಾಸ್ಕ್ರಿಪ್ಟ್‌ನಲ್ಲಿ ಮೊದಲ 10 ಮಾತ್ರ ಕತ್ತರಿಸಿಕೊಳ್ಳುವ ಸ್ಲೈಸ್(0, 10) ಹಾಕಿದರೆ ‘ಚಿಕ್ಕಮಗಳೂರು’ ಕೊನೆಯ ಕೊಂಬು ಕಳೆದುಕೊಂಡು ‘ಚಿಕ್ಕಮಗಳೂರ’ ಆಗುತ್ತೆ. ಉದ್ದ ಹೇಳುವ ಲೆಂಗ್ತ್ ಕೇಳಿದರೆ 11, ಪದವನ್ನು ಅಕ್ಷರಗಳಾಗಿ ಒಡೆಯುವ ಇಂಟ್ಲ್.ಸೆಗ್ಮೆಂಟರ್ ಕೇಳಿದರೆ 7, ಓದುವವರಿಗೆ 6. ಇದಕ್ಕೆ ಜಾವಾಸ್ಕ್ರಿಪ್ಟ್ ಭಾಷೆಯ ಸ್ಟ್ಯಾಂಡರ್ಡೇ ಬದಲಾಗಬೇಕಾ? ಯಾರನ್ನು ಕೇಳೋದು? ನಮ್ಮಂಥ ಊರಿನವರ ಮಾತು ಅಲ್ಲಿ ನಡೆಯುತ್ತಾ?

ಮಲೆನಾಡು_ಕೋಡ್:
ಮೂರು ಲೆಕ್ಕ, ಮೂರು ಪದರ. ಲೆಂಗ್ತ್ ಎಣಿಸುವುದು ಕಂಪ್ಯೂಟರ್ ಪಠ್ಯವನ್ನು ಇಡುವ ತುಣುಕುಗಳಾದ ಯುಟಿಎಫ್-16 ಕೋಡ್ ಯೂನಿಟ್‌ಗಳನ್ನು. ಗುಡಿಸು, ಕೊಂಬು, ವಿರಾಮ (ಅರ್ಧಾಕ್ಷರದ ‘್’ ಚಿಹ್ನೆ) ಎಲ್ಲವೂ ಒಂದೊಂದು. ಅದು ಎಂದೂ ಬದಲಾಗದು, ಬದಲಾದರೆ ಇರುವ ಸೈಟುಗಳೆಲ್ಲ ಕೆಡುತ್ತವೆ. ಎಚ್‌ಟಿಎಂಎಲ್‌ನ ಮ್ಯಾಕ್ಸ್‌ಲೆಂಗ್ತ್ (ಫಾರಂನಲ್ಲಿ ಗರಿಷ್ಠ ಉದ್ದದ ಮಿತಿ) ಕೂಡ ಅದೇ ಲೆಕ್ಕ.

ಸೆಗ್ಮೆಂಟರ್ ‘ಚಿ, ಕ್, ಕ, ಮ, ಗ, ಳೂ, ರು’ ಎಂದು ಒಡೆಯುತ್ತದೆ. ಒತ್ತಕ್ಷರ ಒಡೆಯದಂತೆ ತಡೆಯುವ ನಿಯಮವನ್ನು (ಜಿಬಿ9ಸಿ) ಎಲ್ಲ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಸಂಸ್ಥೆ ಯೂನಿಕೋಡ್ ತನ್ನ 2023ರ 15.1 ಆವೃತ್ತಿಯಲ್ಲಿ ಸೇರಿಸಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಅದರಲ್ಲಿದ್ದವು, ಕನ್ನಡ ಇರಲಿಲ್ಲ. ಪಕ್ಕದ ತೆಲುಗಿಗೆ ಸಿಕ್ಕಿದ್ದು ನಮಗೆ ಸಿಗದಿದ್ದದ್ದು ನಿಜಕ್ಕೂ ಬೇಸರದ ವಿಷಯ.

ಸದ್ಯಕ್ಕೆ ಹೀಗೆ ಮಾಡಿ: ತುಂಡು ವಿರಾಮದಲ್ಲಿ ಮುಗಿದು, ಮುಂದಿನ ತುಂಡು ಕನ್ನಡ ವ್ಯಂಜನದಿಂದ ಶುರುವಾದರೆ ಮಾತ್ರ ಎರಡನ್ನೂ ಕೂಡಿಸಿ. ಎರಡನೇ ಷರತ್ತು ಬಿಟ್ಟರೆ ‘ಬಸ್ ನಿಲ್ದಾಣ’ದಲ್ಲಿ ಖಾಲಿ ಜಾಗವೂ ‘ಸ್’ಗೆ ಅಂಟಿಕೊಳ್ಳುತ್ತದೆ. ‘ಹಾರ್ಡ್‌ವೇರ್’ನಂಥ ಪದದಲ್ಲಿ ‘ಡ್’ ಆದ ಮೇಲೆ ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆ ಝಡ್‌ಡಬ್ಲ್ಯುಎನ್‌ಜೆ ಇರುತ್ತದೆ. ಅಲ್ಲಿ ತುಂಡಿನ ಕೊನೆಯ ಚಿಹ್ನೆ ವಿರಾಮವಲ್ಲ, ಹಾಗಾಗಿ ಕೂಡಿಕೊಳ್ಳುವುದಿಲ್ಲ. ಅದೇ ಸರಿ.

ಕಡೂರು_ಸ್ಪೆಕ್:
ಪ್ರಕ್ರಿಯೆ ಬಗ್ಗೆ ನಾನು ಹೇಳುತ್ತೇನೆ. ಜಾವಾಸ್ಕ್ರಿಪ್ಟ್‌ನ ಸ್ಟ್ಯಾಂಡರ್ಡ್ ಎಕ್ಮಾ-262, ಮೊದಲ ಆವೃತ್ತಿ 1997ರದು. ಇಂಟ್ಲ್ (ಭಾಷೆಗೆ ತಕ್ಕಂತೆ ಕೆಲಸ ಮಾಡುವ ಭಾಗ) ಬರುವುದು ಎಕ್ಮಾ-402ರಲ್ಲಿ, ಅದು 2012ರಿಂದ. ಎರಡನ್ನೂ ನೋಡಿಕೊಳ್ಳುವುದು ಟಿಸಿ39 ಸಮಿತಿ. ಪ್ರಸ್ತಾಪ 0, 1, 2, 2.7, 3, 4 ಎಂಬ ಹಂತ ಹತ್ತಬೇಕು. 1 ಅಂದರೆ ಸಮಸ್ಯೆ ಚರ್ಚೆಗೆ ಯೋಗ್ಯ ಅಂತ ಒಪ್ಪಿದ್ದು, ಅಷ್ಟೇ. 2.7ಕ್ಕೆ ನಿಯಮದ ಬರಹ ಪೂರ್ತಿಯಾಗಿ ಪರಿಶೀಲನೆ ಮುಗಿದಿರಬೇಕು. 4ಕ್ಕೆ ಜಾವಾಸ್ಕ್ರಿಪ್ಟ್ ನಡೆಸುವ ಕನಿಷ್ಠ ಎರಡು ಇಂಜಿನ್‌ಗಳು ಟೆಸ್ಟ್262 ಎಂಬ ಸ್ಟ್ಯಾಂಡರ್ಡ್ ಪರೀಕ್ಷೆಗಳಲ್ಲಿ ಪಾಸಾಗಿರಬೇಕು. ಪ್ರತಿ ಹಂತಕ್ಕೂ ಒಮ್ಮತ ಬೇಕು, ಬಹುಮತ ಸಾಲದು.

ನಿಧಾನಕ್ಕೆ ಕಾರಣವಿದೆ. ಅರೇಗೆ (ಪಟ್ಟಿಗೆ) ಒಳಪಟ್ಟಿಗಳನ್ನು ಬಿಡಿಸುವ ‘ಫ್ಲಾಟನ್’ ಸೇರಿಸಲು ಹೊರಟಾಗ ಮೂಟೂಲ್ಸ್ ಎಂಬ ಹಳೆ ಲೈಬ್ರರಿ ಬಳಸುವ ಸೈಟುಗಳು ಕೆಟ್ಟವು. 2018ರಲ್ಲಿ ಹೆಸರು ‘ಫ್ಲಾಟ್’ ಆಯಿತು.

ಆದರೆ ನಿಮ್ಮ ದೂರು ಟಿಸಿ39ಕ್ಕೆ ಸೇರಿದ್ದಲ್ಲ. ಅಕ್ಷರ ಒಡೆಯುವ ನಿಯಮ ಎಕ್ಮಾ-402ರಲ್ಲಿಲ್ಲ, ಅದು ಯೂನಿಕೋಡ್‌ನದು. ಟಿಸಿ39ಕ್ಕೆ ಬರೆದರೆ ‘ಇದು ನಮ್ಮದಲ್ಲ’ ಎಂದು ಮುಚ್ಚುತ್ತಾರೆ.

ಹಾಸನ_ವೆಬ್:
ಕೂಡಿಸಿದ ಮೇಲೆ 6 ಬಂತು ಸರ್, ಧನ್ಯವಾದ. ಹಾಗಾದರೆ ಯೂನಿಕೋಡ್‌ಗೆ ಏನಂತ ಬರೆಯಬೇಕು? ಸದಸ್ಯತ್ವ ಬೇಕಾ?

ಲಿಪಿ_ತಂತ್ರ:
ಬೇಡ. ಅವರ ತಾಣದ ದೋಷ ವರದಿ ಫಾರಂ ಯಾರಿಗಾದರೂ ತೆರೆದಿದೆ. ‘ಕನ್ನಡ ಸರಿಯಿಲ್ಲ’ ಎಂದು ಬರೆದರೆ ಕೆಲಸ ಆಗದು. ಯುಎಎಕ್ಸ್ 29ರ (ಪಠ್ಯ ಒಡೆಯುವ ನಿಯಮಗಳ ಯೂನಿಕೋಡ್ ದಾಖಲೆ) ಹೆಸರು, ಯೂನಿಕೋಡ್ ಆವೃತ್ತಿ, ಕೋಡ್ ಪಾಯಿಂಟ್‌ಗಳು (ಪ್ರತಿ ಚಿಹ್ನೆಯ ಸಂಖ್ಯೆ; ಕ್ಕ = 0ಸಿ95, 0ಸಿಸಿಡಿ, 0ಸಿ95), ಈಗ ಬರುವ ಉತ್ತರ, ಬರಬೇಕಾದ ಉತ್ತರ, ಇಷ್ಟನ್ನೂ ಕೊಡಿ. ಜೊತೆಗೆ ಒಡೆಯಲೇಬೇಕಾದ ಉದಾಹರಣೆಯನ್ನೂ ಸೇರಿಸಿ, ಮೇಲೆ ಹೇಳಿದ ‘ಹಾರ್ಡ್‌ವೇರ್’ ಸಾಕು. ‘ರ್ಕ’ದಂಥ ಅರ್ಕಾವತ್ತಿನ ಪದ, ‘ಸ್ತ್ರೀ’ಯಂಥ ಮೂರು ವ್ಯಂಜನದ ಪದ ಮರೆಯಬೇಡಿ.

ತಿಂಗಳ ಹೆಸರು, ಅಂಕಿ ಬರೆಯುವ ರೀತಿ ತಪ್ಪಿದ್ದರೆ ದಾರಿ ಬೇರೆ: ಅದು ಯೂನಿಕೋಡ್‌ನ ಭಾಷಾವಾರು ಮಾಹಿತಿ ಸಂಗ್ರಹವಾದ ಸಿಎಲ್‌ಡಿಆರ್ ದತ್ತಾಂಶ. ಟಿಸಿ39ಕ್ಕೂ ಹೊರಗಿನವರು ಬರಬಹುದು. ಗಿಟ್‌ಹಬ್‌ನಲ್ಲಿ ಚರ್ಚೆ, ಸಭೆಯ ಟಿಪ್ಪಣಿ ಎಲ್ಲ ಬಹಿರಂಗ. ಆದರೆ ಪ್ರಸ್ತಾಪವನ್ನು ಸಭೆಯಲ್ಲಿ ಮುನ್ನಡೆಸಲು ಸಮಿತಿಯಲ್ಲಿರುವ ಒಬ್ಬರು ‘ಚಾಂಪಿಯನ್’ ಸಿಗಬೇಕು, ಹೊರಗಿನವರಿಗೆ ಕಷ್ಟವಾಗುವುದು ಅಲ್ಲೇ. ಟೆಸ್ಟ್262ಕ್ಕೆ ಕನ್ನಡದ ಪರೀಕ್ಷೆ ಬರೆದು ಕಳಿಸುವುದು ಇದಕ್ಕಿಂತ ಸುಲಭದ ಬಾಗಿಲು.

ಇನ್ನೊಂದು, ಹುಡುಕಾಟ ಇಟ್ಟಿದ್ದರೆ ನೋಡಿ: ‘ಬೇಲೂರು’ 6 ಯೂನಿಟ್ ಆಗಿಯೂ ಬರಬಹುದು, ‘ೇ’ ಎರಡಾಗಿ ಒಡೆದು 7 ಆಗಿಯೂ ಬರಬಹುದು. ಕಣ್ಣಿಗೆ ಒಂದೇ, ಹೋಲಿಸಿದರೆ ಬೇರೆ. ಡೇಟಾಬೇಸಿಗೆ ಹಾಕುವ ಮುನ್ನವೇ, ಒಡೆದ ಚಿಹ್ನೆಗಳನ್ನು ಒಂದಾಗಿಸುವ ರೂಪವಾದ ಎನ್‌ಎಫ್‌ಸಿಗೆ ನಾರ್ಮಲೈಸ್ ಮಾಡಿ, ಹುಡುಕುವ ಪದಕ್ಕೂ ಅದನ್ನೇ ಮಾಡಿ.