ಆರೂವರೆ ಸಾವಿರಕ್ಕೆ ಐಎಸ್‌ಒ 9001 ಪ್ರಮಾಣಪತ್ರ: ಕೊಳ್ಳಬಹುದೇ?

ಪ್ರಶ್ನೆ: ಪೀಣ್ಯದ ಸಣ್ಣ ಘಟಕದ ಮಾಲೀಕ

ಪೀಣ್ಯ ಎರಡನೇ ಹಂತದಲ್ಲಿ ನನ್ನದೊಂದು ಸಿಎನ್‌ಸಿ ಟರ್ನಿಂಗ್ ಘಟಕವಿದೆ. ನಾನು, ಲೆಕ್ಕ ನೋಡಿಕೊಳ್ಳುವ ನನ್ನ ಹೆಂಡತಿ, ಆಪರೇಟರುಗಳು ಮತ್ತು ಹೆಲ್ಪರುಗಳು ಸೇರಿ ಒಟ್ಟು ಹತ್ತೊಂಬತ್ತು ಜನ. ಪಂಪ್ ತಯಾರಿಸುವ ಕಂಪನಿಯೊಂದಕ್ಕೆ ಹನ್ನೊಂದು ವರ್ಷಗಳಿಂದ ಶಾಫ್ಟ್ ಮತ್ತು ಬುಷ್ ಮಾಡಿಕೊಡುತ್ತಿದ್ದೇವೆ. ಇಷ್ಟು ವರ್ಷ ಏನನ್ನೂ ಕೇಳದಿದ್ದ ಅವರು, ಬರುವ ಏಪ್ರಿಲ್‌ನಿಂದ ಗುಣಮಟ್ಟ ನಿರ್ವಹಣೆಯ ಮಾನದಂಡವಾದ ಐಎಸ್‌ಒ 9001ರ ಪ್ರಮಾಣಪತ್ರ ಇಲ್ಲದವರಿಗೆ ಹೊಸ ಆರ್ಡರ್ ಕೊಡುವುದಿಲ್ಲವೆಂದು ಈಗ ಪತ್ರ ಕಳಿಸಿದ್ದಾರೆ.

ಮೂರು ಕಡೆ ದರ ಕೇಳಿದೆ. ಒಬ್ಬರು ಮೂರು ವರ್ಷಕ್ಕೆ ಸೇರಿಸಿ ₹1,10,000 ಎಂದರು. ಇನ್ನೊಬ್ಬರು ಕನ್ಸಲ್ಟೆಂಟ್ ಶುಲ್ಕವೂ ಒಳಗೊಂಡಂತೆ ₹48,000 ಎಂದರು. ಮೂರನೆಯವರು ಜಿಎಸ್‌ಟಿ ನೋಂದಣಿಯ ಪ್ರತಿಯನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ನಾಲ್ಕೇ ದಿನದಲ್ಲಿ ₹6,500ಕ್ಕೆ ಪ್ರಮಾಣಪತ್ರ ಕೈಗೆ ಬರುತ್ತದೆ, ಯಾರೂ ಶೆಡ್ಡಿಗೆ ಬರಬೇಕಾಗಿಲ್ಲ ಎಂದರು. ಮಾನದಂಡ ಒಂದೇ ಆಗಿರುವಾಗ ಬೆಲೆಯಲ್ಲಿ ಇಷ್ಟು ಅಂತರ ಹೇಗೆ? ಗ್ರಾಹಕರಿಗೆ ಬೇಕಿರುವುದು ಕಾಗದವಷ್ಟೇ ಎಂದಾದರೆ, ಅಗ್ಗದ್ದನ್ನು ಕೊಳ್ಳುವುದರಲ್ಲಿ ತಪ್ಪೇನಿದೆ?

ಉತ್ತರ 1: ವೃತ್ತಿಯಿಂದ ಗುಣಮಟ್ಟದ ಆಡಿಟರ್

ಮಾನ್ಯರೇ, ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳೋಣ. ಜಿನೀವಾದಲ್ಲಿರುವ ಐಎಸ್‌ಒ ಸಂಸ್ಥೆ ಮಾನದಂಡವನ್ನು ಬರೆದು ಪ್ರಕಟಿಸುತ್ತದೆಯೇ ಹೊರತು ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ. ಕೊಡುವವರು ಪ್ರಮಾಣೀಕರಣ ಸಂಸ್ಥೆಗಳು. ಅವುಗಳ ಅರ್ಹತೆಯನ್ನು ಐಎಸ್‌ಒ 17021 ಎಂಬ ಮಾನದಂಡದ ಪ್ರಕಾರ ಪರೀಕ್ಷಿಸಿ ಮಾನ್ಯತೆ ಕೊಡುವ ಮಂಡಳಿಗಳು ಬೇರೆ ಇವೆ. ನಮ್ಮಲ್ಲಿ ಆ ಕೆಲಸ 1997ರಲ್ಲಿ ಸ್ಥಾಪನೆಯಾದ ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ಅಂಗವಾದ ಎನ್‌ಎಬಿಸಿಬಿಯದು. ಬ್ರಿಟನ್ನಿನ ಯುಕೆಎಎಸ್‌ನಂತಹ ಹೊರದೇಶದ ಮಂಡಳಿಗಳ ಮಾನ್ಯತೆ ಪಡೆದ ಸಂಸ್ಥೆಗಳೂ ಇಲ್ಲಿ ಕೆಲಸ ಮಾಡುತ್ತವೆ. ಆದರೆ ಮಾನ್ಯತೆಯೇ ಇಲ್ಲದವರು, ಅಥವಾ ತಮಗೆ ತಾವೇ ಒಂದು ಮಾನ್ಯತಾ ಮಂಡಳಿಯನ್ನು ಹುಟ್ಟುಹಾಕಿಕೊಂಡವರು, ಐಎಸ್‌ಒ 9001 ಎಂದು ಅಚ್ಚು ಹಾಕಿಸಿ ಮಾರುವುದನ್ನು ಈ ಏರ್ಪಾಡು ತಾನಾಗಿ ತಡೆಯುವುದಿಲ್ಲ. ನಿಮ್ಮ ಮೂರನೆಯ ದರ ಬಂದದ್ದು ಆ ಕಡೆಯಿಂದ.

ಬೆಲೆಯನ್ನು ಬದಿಗಿಟ್ಟು ಮ್ಯಾನ್‌ಡೇ, ಅಂದರೆ ಒಬ್ಬ ಆಡಿಟರ್‌ನ ಒಂದು ದಿನದ ಕೆಲಸದ, ಲೆಕ್ಕ ಹಾಕಿ. ಮಾನ್ಯತೆ ಪಡೆದ ಸಂಸ್ಥೆಗಳು ಪಾಲಿಸಬೇಕಾದ ಕೋಷ್ಟಕದ ಪ್ರಕಾರ 16ರಿಂದ 25 ಜನರಿರುವ ಘಟಕದ ಮೊದಲ ಆಡಿಟ್‌ಗೆ, ಸಿದ್ಧತೆ ನೋಡುವ ಮೊದಲ ಹಂತ ಮತ್ತು ಪೂರ್ತಿ ತಪಾಸಣೆಯ ಎರಡನೇ ಹಂತ ಸೇರಿ, 3 ಮ್ಯಾನ್‌ಡೇ ಬೇಕು. ಕೆಲಸ ಸರಳವಾಗಿದ್ದರೆ ಕಾರಣವನ್ನು ದಾಖಲಿಸಿ ಕಡಿಮೆ ಮಾಡಬಹುದು, ಆದರೆ ಶೇ 30ಕ್ಕಿಂತ ಹೆಚ್ಚು ಕಡಿತ ಮಾಡುವಂತಿಲ್ಲ. ಆಮೇಲೆ ಪ್ರಮಾಣಪತ್ರದ ಮೂರು ವರ್ಷದ ಅವಧಿಯಲ್ಲಿ ಮೊದಲ ಎರಡು ವರ್ಷ ವರ್ಷಕ್ಕೊಂದು ಸರ್ವೆಲೆನ್ಸ್ ಆಡಿಟ್, ಅಂದರೆ ನಿಗಾ ತಪಾಸಣೆ, ಇರುತ್ತದೆ, ಅದಕ್ಕೆ ಮೊದಲಿನ ಸಮಯದ ಮೂರನೇ ಒಂದು ಭಾಗ, ಎಂದರೆ ನಿಮಗೆ ಒಂದು ದಿನ. ಅನುಭವವಿರುವ ಆಡಿಟರ್‌ನ ದಿನಗೂಲಿ, ಓಡಾಟದ ಖರ್ಚು, ಕಚೇರಿಯಲ್ಲಿ ಕಡತ ಪರಿಶೀಲಿಸುವವರ ಸಮಯ ಇವನ್ನೆಲ್ಲ ಸೇರಿಸಿದರೆ ₹6,500ರಲ್ಲಿ ಮೊದಲ ದಿನದ ಅರ್ಧವೂ ಮುಗಿಯುವುದಿಲ್ಲ.

ಎರಡನೆಯ ದರದ ಬಗ್ಗೆಯೂ ಎಚ್ಚರವಿರಲಿ. ಪ್ರಮಾಣಪತ್ರ ಕೊಡುವ ಸಂಸ್ಥೆಯೇ ಸಲಹೆಯನ್ನೂ ಮಾರುವಂತಿಲ್ಲ, ಎರಡನ್ನೂ ಒಂದೇ ಗಂಟಾಗಿ ಕಟ್ಟಿ ಕೊಡುವಂತೆಯೂ ಇಲ್ಲ. ಕನ್ಸಲ್ಟೆಂಟ್‌ಗೆ ಬೇರೆ ಬಿಲ್, ಆಡಿಟ್‌ಗೆ ಬೇರೆ ಬಿಲ್ ಕೇಳಿ. ಕೊಡಲು ತಡವರಿಸಿದರೆ ಅಲ್ಲಿಗೇ ಬಿಡಿ.

ಉತ್ತರ 2: ನಿವೃತ್ತ ಖರೀದಿ ಅಧಿಕಾರಿ

ಹಿಂದಿನವರು ಮಾರುವವರ ಕಡೆಯಿಂದ ಹೇಳಿದರು. ನಾನು ಇಪ್ಪತ್ತಾರು ವರ್ಷ ಮೇಜಿನ ಈಚೆ ಕುಳಿತವನು, ಆದ್ದರಿಂದ ಈ ಮಾರುಕಟ್ಟೆ ಕೆಟ್ಟದ್ದರಲ್ಲಿ ನಮ್ಮ ಪಾಲೆಷ್ಟು ಎಂಬುದನ್ನು ಹೇಳಬೇಕು. ನಮ್ಮ ವೆಂಡರ್ ನೋಂದಣಿ ಅರ್ಜಿಯಲ್ಲಿ ‘ಐಎಸ್‌ಒ: ಇದೆ/ಇಲ್ಲ’ ಎಂಬ ಒಂದು ಸಾಲು ಇತ್ತು. ಜೆರಾಕ್ಸ್ ಪ್ರತಿ ಲಗತ್ತಿಸಿದ್ದರೆ ಗುಮಾಸ್ತರು ‘ಇದೆ’ಗೆ ಟಿಕ್ ಹಾಕುತ್ತಿದ್ದರು. ಯಾರು ಕೊಟ್ಟದ್ದು, ಯಾವ ಕೆಲಸಕ್ಕೆ ಕೊಟ್ಟದ್ದು, ಅವಧಿ ಇದೆಯೇ ಎಂದು ನಾವು ಯಾರೂ ನೋಡುತ್ತಿರಲಿಲ್ಲ. ಕೊನೆಯ ವರ್ಷ ಕುತೂಹಲಕ್ಕೆ ಒಂದು ಕಪಾಟಿನ ಕಡತಗಳನ್ನು ತೆರೆದು ನೋಡಿದೆ. ಚಿನ್ನದ ಬಣ್ಣದ ಅಂಚು, ಮೂಲೆಯಲ್ಲಿ ಹೊಳೆಯುವ ಹೋಲೋಗ್ರಾಂ, ಕೊಟ್ಟ ದಿನಾಂಕ 2020 ಎಂದಿದ್ದ ಪ್ರಮಾಣಪತ್ರವೊಂದರ ಮೇಲೆ ಐಎಸ್‌ಒ 9001:2008 ಎಂದು ಅಚ್ಚಾಗಿತ್ತು. 2015ರ ಆವೃತ್ತಿ ಬಂದು, ಹಳೆಯ ಆವೃತ್ತಿಯ ಪ್ರಮಾಣಪತ್ರಗಳು 2018ರ ಸೆಪ್ಟೆಂಬರ್‌ಗೇ ಅಸಿಂಧುವಾಗಿದ್ದವು. ಅದರ ಮೇಲೂ ನಮ್ಮ ಟಿಕ್ ಇತ್ತು.

ಪ್ರಮಾಣಪತ್ರಕ್ಕೆ ಹಣ ಕೊಡುವವನು ನೀವು, ಅದನ್ನು ನಂಬಬೇಕಾದವನು ನಾನು. ನಂಬುವವನೇ ಓದದೆ ಹೋದರೆ, ಮೂರು ದಿನ ಕುಳಿತು ಆಡಿಟ್ ಮಾಡುವ ಸಂಸ್ಥೆಗೂ ನಾಲ್ಕು ದಿನದಲ್ಲಿ ಅಚ್ಚು ಹಾಕಿಸಿ ಕೊಡುವವನಿಗೂ ಇರುವ ವ್ಯತ್ಯಾಸ ದರದಲ್ಲಿ ಮಾತ್ರ ಉಳಿಯುತ್ತದೆ, ಆಗ ಗೆಲ್ಲುವವನು ಯಾರೆಂದು ಹೇಳಬೇಕಾಗಿಲ್ಲ. ಸರ್ಕಾರವೂ ಹೆಚ್ಚು ಭಿನ್ನವಾಗಿ ನಡೆದುಕೊಳ್ಳಲಿಲ್ಲ. 1994ರಿಂದ ಇದ್ದ ಯೋಜನೆಯಲ್ಲಿ ಸಣ್ಣ ಕೈಗಾರಿಕೆಗಳಿಗೆ ಪ್ರಮಾಣಪತ್ರದ ಖರ್ಚಿನ ಶೇ 75ರಷ್ಟನ್ನು, ₹75,000 ಮಿತಿಯೊಳಗೆ, ಮರಳಿಸುತ್ತಿದ್ದರು. ಉದ್ದೇಶ ಒಳ್ಳೆಯದೇ, ಆದರೆ ಹಣ ಬಿಡುಗಡೆಯಾಗುತ್ತಿದ್ದುದು ಕಾಗದ ಕೈಸೇರಿದ್ದಕ್ಕೆ, ರಿಜೆಕ್ಷನ್ (ತಿರಸ್ಕೃತವಾಗುವ ಮಾಲು) ಕಡಿಮೆಯಾದದ್ದಕ್ಕಲ್ಲ.

ವಾಹನ ಬಿಡಿಭಾಗಗಳ ಗುಣಮಟ್ಟದ ಮಾನದಂಡವಾದ ಐಎಟಿಎಫ್ 16949ರಲ್ಲಿ ಈ ಆಟ ಸುಲಭವಾಗಿ ನಡೆಯುವುದಿಲ್ಲ. ಅಲ್ಲಿ ವಾಹನ ತಯಾರಕರೇ ಸೇರಿ, ಯಾವ ಸಂಸ್ಥೆ ಪ್ರಮಾಣಪತ್ರ ಕೊಡಬಹುದೆಂದು ಪಟ್ಟಿ ಮಾಡಿದ್ದಾರೆ. ಕೊಳ್ಳುವವನು ಕಣ್ಣಿಟ್ಟಿರುವ ಕಡೆ ಮಾರುಕಟ್ಟೆ ನೆಟ್ಟಗಿರುತ್ತದೆ ಎನ್ನುವುದು ನನ್ನ ಅನುಭವ.

ಉತ್ತರ 3: ಬೆಳಗಾವಿ, ಉದ್ಯಮಬಾಗದ ಫೌಂಡ್ರಿ

ಇಬ್ಬರೂ ಹಿರಿಯರು ಹೇಳಿದ್ದು ಸರಿ, ಆದರೆ ಅಗ್ಗದ್ದನ್ನು ಕೊಂಡವನೆಲ್ಲ ಮೋಸಗಾರನೆಂಬ ಧ್ವನಿ ಬರಬಾರದು. ಹದಿನೈದು ಜನರ ಘಟಕಕ್ಕೆ ಇದು ಆರ್ಡರ್ ಉಳಿಸಿಕೊಳ್ಳಲು ಕಟ್ಟುವ ಸುಂಕದಂತೆ ಕಾಣುತ್ತದೆ. ಸುಂಕವನ್ನು ಯಾರೂ ಹೆಚ್ಚಿಗೆ ಕಟ್ಟುವುದಿಲ್ಲ. ನಾನೂ ಮೊದಲು ಅಗ್ಗದ್ದನ್ನೇ ಕೊಂಡೆ. ಜೊತೆಗೆ ಬಂದ ಕ್ವಾಲಿಟಿ ಮ್ಯಾನುಯಲ್‌ನ ಹನ್ನೆರಡನೇ ಪುಟದಲ್ಲಿ ‘ಪ್ಲೇಟಿಂಗ್ ಟ್ಯಾಂಕ್‌ನ ದ್ರಾವಣವನ್ನು ವಾರಕ್ಕೊಮ್ಮೆ ಪರೀಕ್ಷಿಸಲಾಗುತ್ತದೆ’ ಎಂದಿತ್ತು. ನಮ್ಮದು ಮರಳಿನ ಅಚ್ಚಿನಲ್ಲಿ ಕಬ್ಬಿಣ ಎರೆಯುವ ಫೌಂಡ್ರಿ. ಲೋಹದ ಲೇಪನ ಹಾಕುವ ಪ್ಲೇಟಿಂಗ್ ಟ್ಯಾಂಕನ್ನು ನಾವು ಕಂಡವರೇ ಅಲ್ಲ. ತಮಾಷೆಯೆಂದರೆ 2015ರ ಆವೃತ್ತಿ ಅಂಥ ಮ್ಯಾನುಯಲ್ ಇರಲೇಬೇಕೆಂದು ಹೇಳುವುದೂ ಇಲ್ಲ.

ಎರಡು ವರ್ಷದ ಬಳಿಕ ಜರ್ಮನಿಯಿಂದ ವಿಚಾರಣೆ ಬಂತು. ಅವರು ಪ್ರಮಾಣಪತ್ರದ ಪ್ರತಿಯನ್ನು ಕೇಳಲೇ ಇಲ್ಲ. ಮಾನ್ಯತಾ ಮಂಡಳಿಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಎಫ್‌ನ, ಪ್ರಮಾಣಪತ್ರಗಳನ್ನು ಹುಡುಕುವ ಸರ್ಟ್‌ಸರ್ಚ್ ಜಾಲತಾಣದಲ್ಲಿ ನಮ್ಮ ಹೆಸರು ಹುಡುಕಿ, ಸಿಗಲಿಲ್ಲ ಎಂದು ಎರಡು ಸಾಲು ಬರೆದು ಸುಮ್ಮನಾದರು. ಅದಾದ ಮೇಲೆ ಎನ್‌ಎಬಿಸಿಬಿ ಮಾನ್ಯತೆಯಿರುವ ಸಂಸ್ಥೆಯಿಂದ ಮಾಡಿಸಿದೆ. ಬಂದ ಆಡಿಟರ್ ಕಡತ ತೆರೆಯುವ ಮೊದಲು ಇನ್‌ಸ್ಪೆಕ್ಷನ್ ಟೇಬಲ್ ಮೇಲಿದ್ದ ಸೂಕ್ಷ್ಮ ಅಳತೆಯ ಮೈಕ್ರೋಮೀಟರನ್ನು ಕೈಗೆತ್ತಿಕೊಂಡು, ಪೂರ್ತಿ ಮುಚ್ಚಿ, ಸೊನ್ನೆ ಕೂಡುತ್ತದೆಯೇ ನೋಡಿದರು. ಎರಡು ಗೆರೆ ಆಚೆಗಿತ್ತು. ಅದೇ ಉಪಕರಣದಿಂದ ನಾವು ತಿಂಗಳುಗಟ್ಟಲೆ ಮಾಲು ಪಾಸ್ ಮಾಡಿದ್ದೆವು, ಗ್ರಾಹಕರ ಇನ್‌ಸ್ಪೆಕ್ಷನ್‌ನಲ್ಲಿ ಅವು ವಾಪಸಾದಾಗ ಅವರೊಡನೆ ಜಗಳವನ್ನೂ ಆಡಿದ್ದೆವು. ಕೊಟ್ಟ ಹಣ ನನಗೆ ಅಲ್ಲಿಯೇ ಹುಟ್ಟಿತು.

ದೊಡ್ಡ ಮೊತ್ತ ಒಮ್ಮೆಲೇ ಕಷ್ಟವೆನಿಸಿದರೆ, ಸಣ್ಣ ಘಟಕಗಳ ಗುಣಮಟ್ಟ ಸುಧಾರಣೆಗೆಂದು ಕೇಂದ್ರ ಸರ್ಕಾರ 2022ರಲ್ಲಿ ಹೊಸ ರೂಪದಲ್ಲಿ ತಂದ ಜೆಡ್ (ಜೀರೊ ಡಿಫೆಕ್ಟ್, ಜೀರೊ ಎಫೆಕ್ಟ್) ಯೋಜನೆಯನ್ನು ನೋಡಿ. ಅದು ಬಂದಾಗ ಅತಿ ಸಣ್ಣ ಘಟಕಗಳಿಗೆ ಅದರ ಪ್ರಮಾಣೀಕರಣ ಶುಲ್ಕದಲ್ಲಿ ಶೇ 80ರಷ್ಟು ಸಹಾಯಧನವಿತ್ತು. ಐಎಸ್‌ಒ 9001ಕ್ಕೆ ಅದು ಬದಲಿಯಲ್ಲ, ನಿಮ್ಮ ಗ್ರಾಹಕರು ಒಪ್ಪುತ್ತಾರೆಯೇ ಎಂದು ಕೇಳಿಕೊಂಡೇ ಮುಂದುವರಿಯಿರಿ. ಆದರೆ ಶೆಡ್ಡನ್ನು ಒಂದು ಹದಕ್ಕೆ ತರಲು ಅದು ಒಳ್ಳೆಯ ತಾಲೀಮು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಇಂದು ಬೆಳಿಗ್ಗೆ ಮೂವರಿಗೂ ಫೋನ್ ಮಾಡಿ, ನಿಮಗೆ ಮಾನ್ಯತೆ ಕೊಟ್ಟವರು ಯಾರು, ನನಗೆ ಎಷ್ಟು ಮ್ಯಾನ್‌ಡೇ ಎಂದು ಎರಡೇ ಪ್ರಶ್ನೆ ಕೇಳಿದೆ. ₹6,500ರವರು ‘ಸರ್, ನಮ್ಮದು ಡೈರೆಕ್ಟ್ ಇಂಟರ್‌ನ್ಯಾಷನಲ್’ ಎಂದು ಹೇಳಿ, ಅದೇ ಉಸಿರಿನಲ್ಲಿ ದರವನ್ನು ₹5,000ಕ್ಕೆ ಇಳಿಸಿದರು. ₹48,000ದವರು ಬಿಲ್ ಬೇರೆ ಮಾಡಲು ಒಪ್ಪಿದರು, ಆದರೆ ಮ್ಯಾನ್‌ಡೇ ಎಷ್ಟೆಂದು ನಾಳೆ ತಿಳಿಸುವುದಾಗಿ ಹೇಳಿದರು. ಮೂರು ದಿನವೆಂದು ತಕ್ಷಣ ಹೇಳಿದವರು ಮೊದಲನೆಯವರೊಬ್ಬರೇ. ಅವರ ದರದ ಮೇಲೆ ಚೌಕಾಸಿ ನಡೆಯುತ್ತಿದೆ. ಈ ನಡುವೆ ನಮ್ಮ ಎರಡು ವರ್ನಿಯರ್ ಮತ್ತು ಒಂದು ಮೈಕ್ರೋಮೀಟರನ್ನು ಕ್ಯಾಲಿಬ್ರೇಷನ್‌ಗೆ (ಅಳತೆ ಸರಿಯಿದೆಯೇ ಎಂಬ ಪರೀಕ್ಷೆಗೆ) ಕಳಿಸಿದ್ದೇನೆ.