ಕ್ಲಬ್ಬಿಗೆ ಟಿಟಿ ಟೇಬಲ್: ಯಾವ ಬ್ರ್ಯಾಂಡ್ ತಗೊಳ್ಳೋದು? (ಪ್ರಶ್ನೋತ್ತರ)

ಅಡ್ಮಿನ್: ಟಿಟಿ ಟೇಬಲ್ ಜೋಡಿಸುವ, ರಿಪೇರಿ ಮಾಡುವ ತಂತ್ರಜ್ಞರೊಬ್ಬರು ಇವತ್ತು ನಮ್ಮ ಜೊತೆ ಇದ್ದಾರೆ. ಟೇಬಲ್ ಬಗ್ಗೆ ಮಾತ್ರ ಕೇಳಿ. ಬ್ಯಾಟು, ರಬ್ಬರು ಇನ್ನೊಂದು ದಿನ.

ಕಾರ್ಯದರ್ಶಿ: ನಮಸ್ಕಾರ ಸರ್. ಕ್ಲಬ್ಬಿಗೆ ನಾಲ್ಕು ಟೇಬಲ್ ಬೇಕು. ಬಟರ್‌ಫ್ಲೈ, ಸ್ಟಿಗಾ, ಡೋನಿಕ್, ಡಿಎಚ್‌ಎಸ್ ನೋಡಿದ್ದೇವೆ. ಕಮಿಟಿಯಲ್ಲಿ ಒಬ್ಬೊಬ್ಬರದು ಒಂದೊಂದು ಹೆಸರು. ಯಾವುದು ಒಳ್ಳೆಯದು?

ತಂತ್ರಜ್ಞ: ನಮಸ್ಕಾರ. ದೊಡ್ಡ ಕಂಪನಿಗಳು ಮನೆಗೆ ಸಾಕಾಗುವ ತೆಳು ಟೇಬಲನ್ನೂ ಮಾರುತ್ತವೆ, ಟೂರ್ನಮೆಂಟ್ ಟೇಬಲನ್ನೂ ಮಾರುತ್ತವೆ. ಹಾಗಾಗಿ ಬರೀ ಹೆಸರು ನೋಡಿ ಆರಿಸೋಕೆ ಆಗೋದಿಲ್ಲ, ಮಾಡೆಲ್ ನೋಡಬೇಕು. ಐಟಿಟಿಎಫ್ (ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಫೆಡರೇಶನ್) ಮಾನ್ಯತೆ ಕೊಡೋದೂ ಮಾಡೆಲ್‌ಗೇ. ಕ್ಲಬ್ಬಿಗೆ ಹಲಗೆ 25 ಮಿ.ಮೀ. ದಪ್ಪ ಇರಲಿ. 18-19 ಮಿ.ಮೀ.ನದು ದಿನವಿಡೀ ಆಡುವ ಜಾಗಕ್ಕಲ್ಲ.

ಕೊಳ್ಳುವ ಮುಂಚೆ ಚೆಂಡನ್ನು 30 ಸೆಂ.ಮೀ. ಎತ್ತರದಿಂದ ಸುಮ್ನೆ ಬಿಡಿ. ಸುಮಾರು 23 ಸೆಂ.ಮೀ. ಪುಟಿಯಬೇಕು. ನೆಟ್ ಹತ್ತಿರ, ಮೂಲೆಗಳಲ್ಲಿ, ಕೆಳಗೆ ಕಬ್ಬಿಣದ ಚೌಕಟ್ಟು ಹಾದುಹೋಗುವ ಕಡೆ, ಎಲ್ಲಾ ಕಡೆ ನೋಡಿ. ಒಂದೊಂದು ಕಡೆ ಒಂದೊಂದು ಥರ ಪುಟಿದರೆ ವಾಪಸ್ ಬನ್ನಿ. ಆಮೇಲೆ ಬಗ್ಗಿ ಅಡಿಭಾಗ ನೋಡಿ. ನಾನು ರಿಪೇರಿಗೆ ಹೋಗೋದು ಹಲಗೆಗಿಂತ ಜಾಸ್ತಿ ಚಕ್ರ, ಕೀಲು, ಲಾಕ್‌ಗಳಿಗಾಗಿ. ಐದು ವರ್ಷ ಬಿಟ್ಟು ಒಂದೇ ಒಂದು ಚಕ್ರ ಬೇಕೆಂದರೆ ಕೊಡ್ತೀರಾ ಅಂತ ಮಾರುವವರನ್ನು ಕೇಳಿ. ಕೊಡ್ತೀವಿ ಅಂತ ಬರೆದು ಕೊಡುವವರದೇ ನಿಮ್ಮ ಬ್ರ್ಯಾಂಡ್.

ಟಾಪ್‌ಸ್ಪಿನ್: ಸರ್, ಬೆಸ್ಟ್ ಬ್ರ್ಯಾಂಡ್ ಯಾವುದು?

ತಂತ್ರಜ್ಞ: ಮೇಲೆ ಬರೆದಿದ್ದೇನೆ.

ಹಳೇ ಆಟಗಾರ: ಬೆಸ್ಟ್ ಅಂದ್ರೆ ಜಪಾನಿನ ಸಾನ್-ಎಯ್. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅದೇ, ಟೋಕಿಯೊದಲ್ಲೂ ಅದೇ. ಇನ್ನೇನು ಬೇಕು?

ಎಡಗೈ: ಒಲಿಂಪಿಕ್ಸ್‌ನಲ್ಲಿ ದಿನಾ ರಾತ್ರಿ ಟೇಬಲ್ ಮಡಚಿ ಮೂಲೆಗೆ ತಳ್ಳಿ, ಆ ಜಾಗದಲ್ಲಿ ಯೋಗ ಕ್ಲಾಸ್ ನಡೆಸ್ತಾರಾ?

ಹಳೇ ಆಟಗಾರ: ಆಟ ಗೊತ್ತಿಲ್ಲದವರಿಗೆ ಎಲ್ಲಾ ಟೇಬಲ್ಲೂ ಒಂದೇ.

ಟಾಪ್‌ಸ್ಪಿನ್: ನೀಲಿ ಟೇಬಲ್ ಹಸಿರಿಗಿಂತ ಫಾಸ್ಟ್ ಅಂತಾರೆ, ನಿಜವಾ?

ತಂತ್ರಜ್ಞ: ಬಣ್ಣಕ್ಕೆ ವೇಗ ಇಲ್ಲ. ಗಾಢ ಬಣ್ಣ ಇರಬೇಕು, ಹೊಳೆಯಬಾರದು. ನಿಯಮ ಅಷ್ಟೇ.

ಸಂಜೆ ಬ್ಯಾಚ್: ಸರ್, ನಮ್ಮ ಟೇಬಲ್ ಮಾಸಿದೆ. ಕಾರ್ ಪಾಲಿಶ್ ಹಚ್ಚಿದರೆ ಹೊಸದರಂತೆ ಆಗುತ್ತೆ ಅಂತ ಒಂದು ಫಾರ್ವರ್ಡ್ ಬಂದಿದೆ. ಹಚ್ಚಬಹುದಾ?

ತಂತ್ರಜ್ಞ: ಹಚ್ಚಬೇಡಿ. ಈಗಷ್ಟೇ ಹೊಳೆಯಬಾರದು ಅಂತ ಬರೆದೆ. ಪಾಲಿಶಿನ ಮೇಣದ ಮೇಲೆ ಚೆಂಡು ಜಾರುತ್ತದೆ. ಆ ಮೇಣ ಚೆಂಡಿಗೆ ಅಂಟಿ, ಅಲ್ಲಿಂದ ಬ್ಯಾಟಿನ ರಬ್ಬರಿಗೂ ಹೋಗುತ್ತದೆ. ಹಿಂಡಿದ ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ. ಸಾಕು.

ಮಕ್ಕಳ ಕೋಚ್: ನಮಸ್ತೆ ಸರ್. ನಮ್ಮದು ಹತ್ತು-ಹನ್ನೆರಡು ವರ್ಷದ ಮಕ್ಕಳ ಬ್ಯಾಚು. ಈಗಿರೋದು ಒಂದೇ ಚೌಕಟ್ಟಿನ ಮೇಲೆ ಎರಡೂ ಭಾಗ ಮೇಲಕ್ಕೆ ಮಡಚುವ ಟೇಬಲ್. ಒಂದು ಕಡೆ ಲಾಕ್ ಮುರಿದಿದೆ, ಹಗ್ಗ ಕಟ್ಟಿ ಇಟ್ಟಿದ್ದೇವೆ. ಹುಡುಗರೇ ತಳ್ಳಿಕೊಂಡು ಬಂದು ಬಿಚ್ಚುತ್ತಾರೆ. ಆಟಕ್ಕೆ ಚೆನ್ನಾಗಿದೆ. ಹೊಸದೂ ಇದೇ ಬ್ರ್ಯಾಂಡ್ ತಗೊಳ್ಳಲಾ?

ತಂತ್ರಜ್ಞ: ಮೇಡಂ, ಬ್ರ್ಯಾಂಡ್ ವಿಷಯ ಆಮೇಲೆ. ಇವತ್ತಿನಿಂದ ಆ ಟೇಬಲ್ಲನ್ನು ಮಕ್ಕಳು ಮುಟ್ಟಬಾರದು. ಇಬ್ಬರು ದೊಡ್ಡವರು ಸೇರಿ ಬಿಚ್ಚಿಡಿ, ಬಿಚ್ಚಿದ ಹಾಗೇ ಇರಲಿ, ಮತ್ತೆ ಮಡಚಬೇಡಿ. ಬಿಚ್ಚಿಡೋಕೆ ಜಾಗ ಇಲ್ಲದಿದ್ದರೆ ಮಕ್ಕಳು ಹೋಗದ ಕೋಣೆಗೆ ಹಾಕಿ ಬೀಗ ಹಾಕಿ.

ಯಾಕೆ ಅಂತ ಹೇಳ್ತೀನಿ. 25 ಮಿ.ಮೀ. ಟೇಬಲ್ ಅಂದರೆ 100 ಕಿಲೋ ದಾಟುತ್ತದೆ. ಮಡಚಿದಾಗ ಆ ತೂಕವೆಲ್ಲ ಎತ್ತರಕ್ಕೆ ಹೋಗುತ್ತದೆ, ಕೆಳಗೆ ನಿಲ್ಲೋಕೆ ಅಗಲ ಕಡಿಮೆ. ಅಪಾಯ ಎರಡು ಥರ. ಒಂದು, ಲಾಕ್ ಇಲ್ಲದ ಭಾಗ ದಿಢೀರನೆ ಕೆಳಗೆ ಬೀಳೋದು. ಬಿಚ್ಚುವ ಹುಡುಗ ನಿಂತಿರೋದು ಸರಿಯಾಗಿ ಅದರ ಮುಂದೆಯೇ. ಇನ್ನೊಂದು, ಹಲಗೆಯ ಅಗಲದ ಮುಖಕ್ಕೆ ಕೈಕೊಟ್ಟು ತಳ್ಳುವಾಗ ಚಕ್ರ ಹೊಸ್ತಿಲಿಗೋ ಹಾಸಿನ ಅಂಚಿಗೋ ತಡೆದು ಇಡೀ ಟೇಬಲ್ ಮಗುಚೋದು. ಅದಕ್ಕೇ ಮಡಚಿದ ಟೇಬಲ್ಲನ್ನು ಯಾವಾಗಲೂ ಅಂಚಿನ ಕಡೆಯಿಂದ ತಳ್ಳಬೇಕು, ಇಬ್ಬರಿರಬೇಕು. ಹಗ್ಗ ಲಾಕ್ ಅಲ್ಲ. ಸಡಿಲ ಆಗುತ್ತೆ, ಜಾರುತ್ತೆ. ಯಾಕೆ ಕಟ್ಟಿದ್ದು ಅಂತ ಗೊತ್ತಿಲ್ಲದ ಯಾರೋ ಒಂದು ದಿನ ಬಿಚ್ಚಿಬಿಡ್ತಾರೆ.

ಅದೇ ಮಾಡೆಲ್‌ನ ಲಾಕ್ ಕಂಪನಿಯಿಂದ ಸಿಕ್ಕರೆ ಹಾಕಿಸಿ. ಸಿಗದಿದ್ದರೆ ಆ ಟೇಬಲ್ ಇನ್ನು ಮಡಚೋಕಲ್ಲ. ವೆಲ್ಡಿಂಗ್ ಮಾಡಿಸಿ ಹೇಗೋ ನಡೆಸಬೇಡಿ. ಹೊಸದಕ್ಕೆ ಎರಡು ಭಾಗ ಪೂರ್ತಿ ಬೇರೆಯಾಗುವ, ಒಂದೊಂದಕ್ಕೂ ಅದರದೇ ಚಕ್ರಗಳಿರುವ ಟೇಬಲ್ ನೋಡಿ. ಒಂದು ಸಲಕ್ಕೆ ಅರ್ಧ ತೂಕ ಮಾತ್ರ ಕೈಯಲ್ಲಿರುತ್ತೆ. ಅದೂ ದೊಡ್ಡವರ ಕೆಲಸವೇ. ಮಡಚಿದಾಗಲೂ ಬಿಚ್ಚಿದಾಗಲೂ ಲಾಕ್ ತಾನಾಗಿಯೇ ಬೀಳಬೇಕು, ಬಿದ್ದ ಶಬ್ದ ಕೇಳಿಸಬೇಕು. ಚಕ್ರ ದೊಡ್ಡದಿರಲಿ, ಬ್ರೇಕ್ ಇರಲಿ. ಅಂಗಡಿಯವರು ತೋರಿಸಿದ್ದನ್ನು ನೋಡಿ ಬರಬೇಡಿ, ನೀವೇ ನಾಲ್ಕು ಸಲ ಬಿಚ್ಚಿ ಮಡಚಿ ನೋಡಿ.

ಮುರಿದ ಲಾಕ್‌ನ ಫೋಟೋ ಇವತ್ತೇ ಕಳಿಸಿ.

ಟಾಪ್‌ಸ್ಪಿನ್: ಬ್ರ್ಯಾಂಡ್ ಕೇಳಿದ್ರೆ ಲಾಕ್ ಪುರಾಣ ಶುರು ಆಯ್ತು 😄

ತಂತ್ರಜ್ಞ: ನಿಮಗಲ್ಲ ಬರೆದಿದ್ದು.

ಸಂಜೆ ಬ್ಯಾಚ್: ಸರ್, ಇನ್ನೊಂದು ಫಾರ್ವರ್ಡ್. ನೀರು ಕುಡಿದು ಉಬ್ಬಿದ ಅಂಚಿಗೆ ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಸಮ ಆಗುತ್ತಂತೆ.

ತಂತ್ರಜ್ಞ: ನೀರು ಕುಡಿದು ಕೆಟ್ಟಿದ್ದಕ್ಕೆ ಮತ್ತೆ ನೀರು! ಅದು ಗಟ್ಟಿಮರದಲ್ಲಿ ಬಿದ್ದ ತಗ್ಗು ಎತ್ತುವ ಉಪಾಯ. ಟಿಟಿ ಹಲಗೆ ಮರದ ಚೂರಿಗೆ ಅಂಟು ಹಾಕಿ ಒತ್ತಿದ್ದು. ಉಬ್ಬಿದರೆ ಉಬ್ಬಿತು, ಮತ್ತೆ ಇಳಿಯಲ್ಲ. ಮೇಲಿನ ಬಣ್ಣವೂ ಸುಡುತ್ತದೆ. ದಯವಿಟ್ಟು ಫಾರ್ವರ್ಡ್‌ಗಳನ್ನು ಇಲ್ಲಿಗೆ ತರಬೇಡಿ.

ಹಳೇ ಆಟಗಾರ: ಸಾನ್-ಎಯ್ ಉಬ್ಬಲ್ಲ.

ಎಡಗೈ: ನೀರು ಹುಯ್ದು ನೋಡಿದ್ರಾ ಸ್ವಾಮಿ?

ಹಳೇ ಆಟಗಾರ: ನಿಮ್ಮ ಜೊತೆ ಮಾತಾಡೋದೇ ದಂಡ.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಗಾಲಿಕುರ್ಚಿ ಆಟಗಾರ: ಸರ್, ನಮ್ಮ ಕ್ಲಬ್ಬಲ್ಲಿ ನಾವು ಮೂವರು ಗಾಲಿಕುರ್ಚಿಯಲ್ಲಿ ಆಡ್ತೀವಿ. ಮೊಣಕಾಲು ಟೇಬಲ್ ಕಾಲಿಗೆ ತಾಗುತ್ತೆ. ಏನು ನೋಡಿ ತಗೊಳ್ಳಬೇಕು?

ತಂತ್ರಜ್ಞ: ಒಳ್ಳೇ ಪ್ರಶ್ನೆ. ಟೇಬಲ್ ಕಾಲು ಹಿಂಬದಿ ಗೆರೆಯಿಂದ, ಅಂದರೆ ಆಟಗಾರರು ಕೂರುವ ಕಡೆಯ ಅಂಚಿನಿಂದ, ಕನಿಷ್ಠ 40 ಸೆಂ.ಮೀ. ಒಳಗಿರಬೇಕು, ನಿಯಮದಲ್ಲೇ ಇದೆ. ಕಾಲು ಒಳಗಿದ್ದರೂ ಕೆಲವದರಲ್ಲಿ ಅಡ್ಡಪಟ್ಟಿ ಹೊರಕ್ಕೆ ಬಂದಿರುತ್ತದೆ. ಅದನ್ನೂ ಅಳೆಯಿರಿ. ಕುರ್ಚಿ ಸಮೇತ ಹೋಗಿ ಕೂತು ನೋಡೋದು ಇನ್ನೂ ಒಳ್ಳೆಯದು. ಕಾರ್ಯದರ್ಶಿಗಳೇ, ನಿಮ್ಮ ನಾಲ್ಕರಲ್ಲಿ ಒಂದಾದರೂ ಹೀಗಿರಲಿ.

ಕಾರ್ಯದರ್ಶಿ: ಆಗಲಿ ಸರ್. ನಾಲ್ಕಕ್ಕೆ ಹಾಲ್ ಎಷ್ಟು ದೊಡ್ಡದಿರಬೇಕು?

ಎಡಗೈ: ಪಂದ್ಯಕ್ಕೆ ಒಂದೊಂದು ಟೇಬಲ್‌ಗೆ 14 ಮೀಟರ್ ಉದ್ದ, 7 ಮೀಟರ್ ಅಗಲ. ಅಭ್ಯಾಸಕ್ಕೆ ಕಡಿಮೆ ಸಾಕು.

ಹಳೇ ಆಟಗಾರ: ನಿಮ್ಮನ್ನ ಕೇಳಿದ್ದಾ?

ಬೆಳಗಿನ ಬ್ಯಾಚ್: ಛಾವಣಿ ಇದೆ, ಗೋಡೆ ಇಲ್ಲ. ಹೊರಾಂಗಣದ ಟೇಬಲ್ ಬೇಕಾ, ಒಳಾಂಗಣದ್ದು ನಡೆಯುತ್ತಾ?

ಟಾಪ್‌ಸ್ಪಿನ್: ಕೊನೇದಾಗಿ ಒಂದೇ ಪದದಲ್ಲಿ ಹೇಳಿ ಸರ್. ಬಟರ್‌ಫ್ಲೈ ಅಥವಾ ಸ್ಟಿಗಾ?

ಮಕ್ಕಳ ಕೋಚ್: ಸರ್, ಫೋಟೋ ಕಳಿಸಿದ್ದೇನೆ. ಇನ್ನೊಂದು ಕಡೆಯ ಲಾಕ್‌ನಲ್ಲೂ ಬಿರುಕು ಕಾಣ್ತಿದೆ.

ತಂತ್ರಜ್ಞ: ನೋಡಿದೆ ಮೇಡಂ. ನಾನು ಹೇಳುವವರೆಗೂ ಯಾರೂ ಅದನ್ನು ಬಿಚ್ಚೋಕೆ ಹೋಗಬೇಡಿ, ದೊಡ್ಡವರೂ ಸೇರಿ. ನಂಬರ್ ಮೆಸೇಜ್ ಮಾಡಿ, ಈಗಲೇ ಕರೆ ಮಾಡ್ತೀನಿ.